ನಿಲಂಬನ, ಕಲಿಲ, ದ್ರಾವಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಶ್ರಣಗಳ ಪಾಠ ಒಂಬತ್ತನೇ ತರಗತಿಯಲ್ಲಿ ಬರುತ್ತದೆ. ಮೂರು ಹೆಸರು, ಮೂರು ಕಾಲಮ್ಮಿನ ಒಂದು ಪಟ್ಟಿ. ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ಆದರೆ ಅಡಿಕೆ ತೋಟಕ್ಕೆ ಮದ್ದು ಹೊಡೆಯುವವರು, ನೀರ್ ದೋಸೆ ಹುಯ್ಯುವವರು, ಮಗುವಿಗೆ ಜ್ವರದ ಸಿರಪ್ ಕುಡಿಸುವವರು ಎಲ್ಲರೂ ಇದೇ ಪಾಠವನ್ನು ಕೈಯಾರೆ ಮಾಡುತ್ತಿರುತ್ತಾರೆ. ಸಂಜೆ ಪಾಠಕ್ಕೆ ಬರುವ ಮಕ್ಕಳು, ಅವರನ್ನು ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ನಿಲಂಬನ ಅಂದರೆ ಏನು? ಸುಲಭವಾಗಿ ಹೇಳಿ.

ದ್ರವದಲ್ಲಿ ಕರಗದ ಪುಡಿ ಸ್ವಲ್ಪ ಹೊತ್ತು ತೇಲಾಡಿಕೊಂಡಿದ್ದು, ಸುಮ್ನೆ ಬಿಟ್ಟರೆ ತಳಕ್ಕೆ ಇಳಿಯುತ್ತದಲ್ಲ, ಅದು ನಿಲಂಬನ.

ನೀರ್ ದೋಸೆಯ ಹಿಟ್ಟನ್ನು ನೋಡಿ. ಅಕ್ಕಿ ನುಣ್ಣಗೆ ಅರೆದು, ನೀರು ಹಾಕಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿರುತ್ತೀರಿ. ಮೊದಲ ದೋಸೆಗೆ ಸೌಟಿನಿಂದ ಚೆನ್ನಾಗಿ ಕಲಕಿ ಹುಯ್ಯುತ್ತೀರಿ. ಅದು ಬೆಂದು ಏಳುವಷ್ಟರಲ್ಲಿ ಪಾತ್ರೆಯಲ್ಲಿ ಸೌಟು ಆಡಿಸಿ ನೋಡಿ. ಮೇಲೆ ನೀರು ಹಗುರವಾಗಿದೆ, ತಳದಲ್ಲಿ ಸೌಟಿಗೆ ಏನೋ ಗಟ್ಟಿಯಾಗಿ ತಾಗುತ್ತದೆ. ಕಲಕದೆ ಹುಯ್ಯುತ್ತಾ ಹೋದರೆ ಮೊದಲ ದೋಸೆಗಳು ಹರಿದುಹೋಗುತ್ತವೆ, ಕೊನೆಯವು ದಪ್ಪ ರೊಟ್ಟಿಯಾಗುತ್ತವೆ. ಅದಕ್ಕೇ ಪ್ರತಿ ದೋಸೆಗೂ ಒಮ್ಮೆ ಕಲಕುವುದು. ಹಾಗೆ ಕಲಕಿದಾಗಲೆಲ್ಲ ತಳಕ್ಕೆ ಇಳಿದ ಅಕ್ಕಿಯ ಕಣಗಳನ್ನು ಮತ್ತೆ ಮೇಲೆ ಎತ್ತಿ ನಿಲಂಬನ ಮಾಡುತ್ತಿರುತ್ತೀರಿ.

ಮಿಶ್ರಣಕ್ಕೂ ಸಂಯುಕ್ತಕ್ಕೂ ಏನು ವ್ಯತ್ಯಾಸ?

ಮಿಶ್ರಣದಲ್ಲಿ ಬೆರೆತ ವಸ್ತುಗಳು ತಮ್ಮ ಗುಣ ಬಿಟ್ಟುಕೊಡುವುದಿಲ್ಲ. ಉಪ್ಪು ನೀರಿನಲ್ಲೂ ಉಪ್ಪಾಗಿಯೇ ಇರುತ್ತದೆ, ನೀರು ಆರಿದರೆ ವಾಪಸ್ಸು ಸಿಗುತ್ತದೆ. ಸಂಯುಕ್ತದಲ್ಲಿ ಹೊಸ ವಸ್ತುವೇ ಹುಟ್ಟುತ್ತದೆ, ಅದರ ಪ್ರಮಾಣವೂ ಗೊತ್ತುಪಡಿಸಿದ್ದು. ನೀರಿನಲ್ಲಿ ಎರಡು ಹೈಡ್ರೋಜನ್‌ಗೆ ಒಂದು ಆಮ್ಲಜನಕ ಅಷ್ಟೇ, ಹೆಚ್ಚು ಕಮ್ಮಿ ಮಾಡಲು ಬರುವುದಿಲ್ಲ. ಪಾನಕಕ್ಕೆ ಮಾತ್ರ ನಿಮಗೆ ಬೇಕಾದಷ್ಟು ಬೆಲ್ಲ ಹಾಕಬಹುದು.

ದ್ರಾವಣ, ಕಲಿಲ, ನಿಲಂಬನ: ಈ ಮೂರರ ನಡುವಿನ ನಿಜವಾದ ವ್ಯತ್ಯಾಸ ಯಾವುದು?

ಕಣದ ಗಾತ್ರ. ಪಟ್ಟಿಯಲ್ಲಿರುವ ಉಳಿದೆಲ್ಲ ಸಾಲುಗಳು ಇದೊಂದರಿಂದಲೇ ಹುಟ್ಟುತ್ತವೆ. ಹಾಗಾಗಿ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು ಎಂದು ಮಕ್ಕಳಿಗೆ ಹೇಳುತ್ತೇನೆ.

ಅಳತೆಗೆ ನ್ಯಾನೋಮೀಟರ್ ಬಳಸುತ್ತಾರೆ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅದು. ದ್ರಾವಣದಲ್ಲಿ ಕಣಗಳು 1 ನ್ಯಾನೋಮೀಟರಿಗಿಂತ ಚಿಕ್ಕವು, ಅಂದರೆ ಬಿಡಿ ಅಣುಗಳು, ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು). ಅವು ಕಾಣುವುದಿಲ್ಲ, ತಳಕ್ಕೆ ಕೂರುವುದಿಲ್ಲ, ಸೋಸಿದರೂ ಬೇರೆಯಾಗುವುದಿಲ್ಲ. ನಿಲಂಬನದ ಕಣಗಳು ದೊಡ್ಡವು, ಎಷ್ಟೋ ಸಲ ಬರಿಗಣ್ಣಿಗೇ ಕಾಣುತ್ತವೆ. ಬಿಟ್ಟರೆ ಕೂರುತ್ತವೆ, ಸೋಸಿದರೆ ಕಾಗದದ ಮೇಲೆ ಉಳಿಯುತ್ತವೆ. ಇವೆರಡರ ಮಧ್ಯದ್ದು ಕಲಿಲ. ಬರಿಗಣ್ಣಿಗೆ ಒಂದೇ ಸಮನಾಗಿ ಕಾಣುತ್ತದೆ, ತಳಕ್ಕೆ ಕೂರುವುದಿಲ್ಲ, ಸೋಸುವ ಕಾಗದದಲ್ಲೂ ಹಾದುಹೋಗುತ್ತದೆ, ಆದರೆ ಬೆಳಕು ಬಿಟ್ಟರೆ ಸಿಕ್ಕಿಬೀಳುತ್ತದೆ.

ಕಲಿಲದ ಮೇಲಿನ ಮಿತಿ ಒಂದು ಪುಸ್ತಕದಲ್ಲಿ 100 ನ್ಯಾನೋಮೀಟರ್, ಇನ್ನೊಂದರಲ್ಲಿ 1000. ಯಾವುದು ಸರಿ?

ಎರಡೂ ಬಳಕೆಯಲ್ಲಿವೆ. ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ 100 ಎನ್ನುತ್ತವೆ, ಮುಂದಿನ ತರಗತಿಗಳಲ್ಲಿ 1000 ಜಾಸ್ತಿ ಕಾಣುತ್ತದೆ. ಹೊಳೆಗೆ ದಡ ಇರುವಂತೆ ಇಲ್ಲಿ ಗೆರೆ ಎಳೆದಿಲ್ಲ. ಗಾತ್ರ ಹೆಚ್ಚುತ್ತಾ ಹೋದಂತೆ ಗುಣ ನಿಧಾನಕ್ಕೆ ಬದಲಾಗುತ್ತದೆ, ಗೆರೆ ಹಾಕಿಕೊಂಡವರು ನಾವು. ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ.

ಮರಳು ಕೂಡಲೇ ಇಳಿಯುತ್ತದೆ, ಕೆಮ್ಮಣ್ಣಿನ ನೀರು ಮಾತ್ರ ದಿನಗಟ್ಟಲೆ ಬಗ್ಗಡವಾಗಿಯೇ ಇರುತ್ತದೆ. ಯಾಕೆ?

ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಕಣವನ್ನು ಭೂಮಿ ಕೆಳಗೆ ಎಳೆಯುತ್ತದೆ, ನೀರು ಅದರ ದಾರಿಗೆ ಅಡ್ಡ ಬರುತ್ತದೆ. ಈ ಜಗ್ಗಾಟದ ಲೆಕ್ಕವನ್ನು ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟರು. ಅದರ ಪ್ರಕಾರ ಇಳಿಯುವ ವೇಗ ಕಣದ ಗಾತ್ರದ ವರ್ಗವನ್ನು ಅವಲಂಬಿಸಿದೆ. ಕಣ ಅರ್ಧ ಚಿಕ್ಕದಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತು ಪಟ್ಟು ಚಿಕ್ಕದಾದರೆ ನೂರು ಪಟ್ಟು ನಿಧಾನ.

ಲೆಕ್ಕ ಹಾಕಿಯೇ ನೋಡೋಣ. 30 ಸೆಂಟಿಮೀಟರ್ ಆಳದ ಕೊಡದಲ್ಲಿ ನೀರು ಅಲುಗಾಡದೆ ನಿಂತಿದೆ ಎನ್ನಿ. 0.1 ಮಿಲಿಮೀಟರಿನ ಸಣ್ಣ ಮರಳಿನ ಕಣ ಅರ್ಧ ನಿಮಿಷದ ಆಸುಪಾಸಿನಲ್ಲಿ ತಳ ಮುಟ್ಟುತ್ತದೆ. ಅದರ ನೂರರಲ್ಲಿ ಒಂದು ಪಾಲಿನಷ್ಟಿರುವ ಜೇಡಿಮಣ್ಣಿನ ಕಣಕ್ಕೆ ಹತ್ತಿರ ಹತ್ತಿರ ನಾಲ್ಕು ದಿನ ಬೇಕು. ಇನ್ನೂ ಹತ್ತು ಪಟ್ಟು ಸಣ್ಣದಾದರೆ ಲೆಕ್ಕ ಒಂದು ವರ್ಷ ದಾಟುತ್ತದೆ. ಅಷ್ಟು ಹೊತ್ತಿಗೆ ಅದನ್ನು ನಿಲಂಬನ ಅನ್ನುವುದೇ ಕಷ್ಟ, ಅದು ಕಲಿಲದ ಸೀಮೆಗೆ ಬಂದಾಯಿತು.

ಇದೇ ಸಂಗತಿಯನ್ನು ದೊಡ್ಡದಾಗಿ ನೋಡಬೇಕೆಂದರೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟನ್ನು ನೋಡಿ. ಹರಿಯುವ ಹೊಳೆ ಮಣ್ಣನ್ನು ಎತ್ತಿಕೊಂಡೇ ಬರುತ್ತದೆ. ಜಲಾಶಯದಲ್ಲಿ ನೀರು ನಿಂತ ಕೂಡಲೇ ಮಣ್ಣು ಇಳಿಯತೊಡಗುತ್ತದೆ. ಶುರುವಿನಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 105 ಟಿಎಂಸಿ ಆಸುಪಾಸಿಗೆ ಬಂದಿದೆ. ಹೂಳು ಅಂದರೆ ನಿಲಂಬನದಿಂದ ತಳಕ್ಕೆ ಕೂತ ಕಣ, ಬೇರೇನಲ್ಲ. ರೈತರ ಒಂದು ಬೆಳೆಯ ನೀರು ಈ ಪಾಠದೊಳಗೆ ಇದೆ.

ಹಾಗಾದರೆ ಕಲಿಲದ ಕಣ ಎಷ್ಟು ಕಾಲ ಬಿಟ್ಟರೂ ಯಾಕೆ ಇಳಿಯುವುದಿಲ್ಲ?

ಎರಡು ಕಾರಣ. ಒಂದು, ನೀರಿನ ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಸಣ್ಣ ಕಣಕ್ಕೆ ಎಲ್ಲ ಕಡೆಯಿಂದ ಗುದ್ದುತ್ತಲೇ ಇರುತ್ತವೆ, ಅದು ಅತ್ತ ಇತ್ತ ಓಲಾಡುತ್ತಾ ಇರುತ್ತದೆ. 1827ರಲ್ಲಿ ಸಸ್ಯ ವಿಜ್ಞಾನಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಈ ಓಲಾಟವನ್ನು ಕಂಡರು. ಅದಕ್ಕೆ ಬ್ರೌನಿಯನ್ ಚಲನೆ ಎಂದು ಹೆಸರು. 1905ರಲ್ಲಿ ಐನ್‌ಸ್ಟೈನ್ ಅದರ ಲೆಕ್ಕ ಬಿಡಿಸಿದರು, ಆಮೇಲೆ ಜಾನ್ ಪೆರಾನ್ ಪ್ರಯೋಗ ಮಾಡಿ ತೋರಿಸಿದರು. ಅಣು ಎಂಬುದು ನಿಜಕ್ಕೂ ಇದೆಯೋ ಇಲ್ಲವೋ ಎಂಬ ಹಳೆಯ ಜಗಳ ತೀರಿದ್ದು ಇಲ್ಲೇ.

ಎರಡು, ಕಲಿಲದ ಕಣಗಳ ಮೈಮೇಲೆ ಸಾಮಾನ್ಯವಾಗಿ ಒಂದೇ ಬಗೆಯ ವಿದ್ಯುದಾವೇಶ ಇರುತ್ತದೆ. ಒಂದನ್ನೊಂದು ದೂರ ತಳ್ಳುತ್ತವೆ. ಒಟ್ಟುಗೂಡಿದರೆ ತಾನೇ ದೊಡ್ಡದಾಗುವುದು, ದೊಡ್ಡದಾದರೆ ತಾನೇ ಇಳಿಯುವುದು?

ಕಲಿಲಕ್ಕೆ ಇಂಗ್ಲಿಷಿನ ಕೊಲಾಯ್ಡ್ ಎಂಬ ಹೆಸರು ಕೊಟ್ಟವರು ಥಾಮಸ್ ಗ್ರಹಾಂ, 1861ರಲ್ಲಿ. ಗ್ರೀಕ್ ಭಾಷೆಯ ಅಂಟು ಎಂಬ ಪದದಿಂದ ಬಂದದ್ದು.

ಬೋರ್ಡೋ ದ್ರಾವಣ ದ್ರಾವಣವೇ ಅಲ್ವಾ? ಹೆಸರಲ್ಲೇ ಇದೆ.

ಇಲ್ಲ, ಅದು ನಿಲಂಬನ. ಮಲೆನಾಡಿನ ಮಕ್ಕಳು ಈ ಪ್ರಶ್ನೆ ಕೇಳಿದಾಗ ನಾನು ಅರ್ಧ ಗಂಟೆ ಇದರಲ್ಲೇ ಕಳೆಯುತ್ತೇನೆ. ದ್ರಾವಣ, ನಿಲಂಬನ ಎರಡರ ಪಾಠಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮಳೆ ಹಿಡಿಯುವ ಮುಂಚೆ ಅಡಿಕೆ ಕೊನೆಗಳಿಗೆ ಕೊಳೆರೋಗ ಬಾರದಿರಲಿ ಎಂದು ಇದನ್ನು ಹೊಡೆಯುತ್ತಾರೆ. ಶೇಕಡಾ 1ರ ಅಳತೆಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ ಕರಗಿಸುತ್ತಾರೆ. ನೀಲಿ ಬಣ್ಣ, ಆದರೆ ತಳ ಕಾಣುವಷ್ಟು ತಿಳಿ. ಇದು ಸಾಚಾ ದ್ರಾವಣ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡುತ್ತಾರೆ. ಸುಣ್ಣ ನೀರಿನಲ್ಲಿ ಕರಗುವುದು ತೀರಾ ಕಮ್ಮಿ, ಹಾಗಾಗಿ ಬೆಳ್ಳಗಿನ ನಿಲಂಬನವಾಗುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ಯುತ್ತಾ ಕಲಕುತ್ತಾರೆ. ಆಗ ತಾಮ್ರ ಕರಗಿದ ಸ್ಥಿತಿಯಲ್ಲಿ ಇರುವುದಿಲ್ಲ, ಸುಣ್ಣದ ಜತೆ ಸೇರಿ ಕರಗದ ಆಕಾಶನೀಲಿ ಕಣಗಳಾಗುತ್ತದೆ. ಡ್ರಮ್ಮಿನಲ್ಲಿ ಈಗ ಇರುವುದು ಆ ಕಣಗಳ ನಿಲಂಬನ.

ಹದ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನೋ ಬ್ಲೇಡನ್ನೋ ಸ್ವಲ್ಪ ಹೊತ್ತು ಅದ್ದುತ್ತಾರೆ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಕರಗಿದ ತಾಮ್ರ ಉಳಿದಿದೆ ಎಂದರ್ಥ. ಸುಣ್ಣ ಇನ್ನಷ್ಟು ಹಾಕಬೇಕು, ಇಲ್ಲದಿದ್ದರೆ ಎಲೆ, ಕಾಯಿ ಸುಡುತ್ತದೆ. ಅಂದರೆ ಮದ್ದು ನಿಲಂಬನವಾಗಿದ್ದರೇ ಒಳ್ಳೆಯದು. ಕರಗದ ಕಣ ಅಡಿಕೆಯ ಮೈಗೆ ಅಂಟಿಕೊಂಡು ಕೂತು, ಮಳೆಯಲ್ಲಿ ಒಂದೇ ಸಲ ತೊಳೆದುಹೋಗದೆ, ತಾಮ್ರವನ್ನು ಚೂರು ಚೂರಾಗಿ ಬಿಡುತ್ತದೆ. ಪೂರ್ತಿ ಕರಗಿದ್ದರೆ ಮೊದಲ ಮಳೆಗೇ ಹೋಗುತ್ತಿತ್ತು.

ಇದರ ಮೂಲ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟ. ಪಿಯರ್ ಮಿಲಾರ್ಡೆ 1885ರಲ್ಲಿ ಅದರ ವಿವರ ಪ್ರಕಟಿಸಿದರು. ನಮ್ಮಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಚಿಕ್ಕವನಿದ್ದಾಗ ಡ್ರಮ್ಮಿನ ಹತ್ತಿರ ಕೋಲು ಹಿಡಿದು ಕಲಕುವ ಕೆಲಸ ನನ್ನದಾಗಿತ್ತು. ಒಂದು ದಿನ ನಾನು ಕೋಲು ಬಿಟ್ಟು ಎತ್ತಲೋ ಹೋದೆ. ವಾಪಸ್ಸು ಬರುವಷ್ಟರಲ್ಲಿ ಪಂಪಿನ ಮೂತಿ ಕಟ್ಟಿತ್ತು, ಮರದ ಮೇಲಿದ್ದವರು ಸುಮ್ಮನೆ ನೇತಾಡುತ್ತಾ ಕಾಯುತ್ತಿದ್ದರು. ಡ್ರಮ್ಮಿನ ತಳದಲ್ಲಿ ನೀಲಿ ಗಸಿ ಕೈಯಲ್ಲಿ ಬಾಚುವಷ್ಟು ಕೂತಿತ್ತು. ಅಷ್ಟು ಹೊತ್ತು ಕೊನೆಗಳಿಗೆ ಬಿದ್ದದ್ದು ಹೆಚ್ಚುಕಮ್ಮಿ ಬರೀ ನೀರು. ಆ ಸಾಲಿಗೆ ಮತ್ತೆ ಹತ್ತಿ ಹೊಡೆಯಬೇಕಾಯಿತು.

ಮಕ್ಕಳ ಜ್ವರದ ಔಷಧಿಯ ಮೇಲೆ "ಚೆನ್ನಾಗಿ ಕುಲುಕಿ ಬಳಸಿ" ಎಂದಿರುತ್ತದೆ. ಕುಲುಕದಿದ್ದರೆ ಏನಾಗುತ್ತದೆ?

ಅಳತೆ ತಪ್ಪುತ್ತದೆ. ಪ್ಯಾರಾಸಿಟಮಾಲ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಮಾಮೂಲಿ ತಾಪಮಾನದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 14 ಮಿಲಿಗ್ರಾಂ. 5 ಮಿಲಿಲೀಟರಿಗೆ 250 ಮಿಲಿಗ್ರಾಂ ಎಂದಿರುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಬೇಕು. ಅಷ್ಟು ಕರಗದ ಕಾರಣ ಪುಡಿಯನ್ನು ನಿಲಂಬನ ಮಾಡಿರುತ್ತಾರೆ. ಕಹಿಯೂ ನಾಲಿಗೆಗೆ ಕಮ್ಮಿ ತಾಗುತ್ತದೆ. ಬೇಗ ಇಳಿಯದಿರಲಿ ಎಂದು ದ್ರವವನ್ನು ಸ್ವಲ್ಪ ಮಂದ ಮಾಡಿರುತ್ತಾರೆ, ಆದರೂ ದಿನ ಕಳೆದಂತೆ ಇಳಿಯುತ್ತದೆ.

ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಔಷಧಿ ಕಮ್ಮಿ ಹೋಗುತ್ತದೆ, ಜ್ವರ ಇಳಿಯುವುದಿಲ್ಲ. ಬಾಟಲಿ ಮುಗಿಯುತ್ತಾ ಬಂದಾಗ ಅದೇ ಅಳತೆಯಲ್ಲಿ ಜಾಸ್ತಿ ಹೋಗುತ್ತದೆ. ಎರಡನೆಯದು ಜಾಸ್ತಿ ಅಪಾಯ. ದಯವಿಟ್ಟು ಪ್ರತಿ ಸಲವೂ ಕುಲುಕಿ. ತಲೆಕೆಳಗೆ ಮಾಡಿ ತಳದಲ್ಲಿ ಏನೂ ಅಂಟಿಲ್ಲ ಎಂದು ನೋಡಿದ ಮೇಲೆಯೇ ಮುಚ್ಚಳ ತೆಗೆಯಿರಿ. ಪುಡಿಗೆ ನೀರು ಬೆರೆಸುವ ಆಂಟಿಬಯೋಟಿಕ್ ಬಾಟಲಿಗಳಿಗೂ ಇದೇ ಮಾತು.

ಎಲ್ಲ ಸಿರಪ್ಪೂ ನಿಲಂಬನವಲ್ಲ. ಬೆಳಕಿಗೆ ಹಿಡಿದಾಗ ತಿಳಿಯಾಗಿ ಕಾಣುವ ಕೆಮ್ಮಿನ ಸಿರಪ್ ದ್ರಾವಣ. ಓಆರ್‌ಎಸ್ ಕೂಡ ದ್ರಾವಣವೇ. ಒಂದು ಸಲ ಪೂರ್ತಿ ಕರಗಿದ ಮೇಲೆ ಮೊದಲ ಗುಟುಕಿಗೂ ಕೊನೆಯ ಗುಟುಕಿಗೂ ವ್ಯತ್ಯಾಸವಿಲ್ಲ.

ಟಿಂಡಾಲ್ ಪರಿಣಾಮ ಅಂದರೆ ಏನು?

ನಮ್ಮ ಹಳೆಯ ಮನೆಯ ಅಡುಗೆ ಕೋಣೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಬೆಳಗ್ಗೆ ಅದರಿಂದ ನೆಲದ ಮೇಲೆ ಬಿಸಿಲಿನ ಒಂದು ಚೌಕ ಬೀಳುತ್ತಿತ್ತು, ಅಷ್ಟೇ. ಅಮ್ಮ ಒಲೆ ಹೊತ್ತಿಸಿ ಹೊಗೆ ಎದ್ದ ಮೇಲೆ ಹೆಂಚಿನಿಂದ ನೆಲದವರೆಗೂ ಬಿಸಿಲುಕೋಲು ಎದ್ದು ಕಾಣುತ್ತಿತ್ತು. ಬಿಸಿಲು ಮೊದಲೂ ಅದೇ ದಾರಿಯಲ್ಲಿ ಬರುತ್ತಿತ್ತು. ಹೊಗೆಯ ಕಣಗಳು ಬೆಳಕನ್ನು ನಮ್ಮ ಕಣ್ಣಿನ ಕಡೆಗೂ ಚದುರಿಸಿದ್ದರಿಂದ ದಾರಿ ಕಂಡಿತು. ಇದೇ ಟಿಂಡಾಲ್ ಪರಿಣಾಮ. 1860ರ ದಶಕದಲ್ಲಿ ಇದನ್ನು ಅಭ್ಯಾಸ ಮಾಡಿದ ಐರ್ಲೆಂಡಿನ ಜಾನ್ ಟಿಂಡಾಲ್ ಅವರ ಹೆಸರು.

ಮನೆಯಲ್ಲಿ ನೋಡಬೇಕೆಂದರೆ ಒಂದು ಗಾಜಿನ ಲೋಟದಲ್ಲಿ ಉಪ್ಪು ನೀರು, ಇನ್ನೊಂದರಲ್ಲಿ ನೀರಿಗೆ ನಾಲ್ಕು ಹನಿ ಹಾಲು. ದೀಪ ಆರಿಸಿ, ಫೋನಿನ ಟಾರ್ಚನ್ನು ಪಕ್ಕದಿಂದ ಬಿಡಿ. ಹಾಲಿನ ಲೋಟದಲ್ಲಿ ಬೆಳಕಿನ ದಾರಿ ನಸುನೀಲಿಯಾಗಿ ಕಾಣುತ್ತದೆ. ಅದೇ ಲೋಟದ ಮೂಲಕ ಟಾರ್ಚನ್ನು ನೇರವಾಗಿ ನೋಡಿದರೆ ಬೆಳಕು ಹಳದಿಗೆ ತಿರುಗಿರುತ್ತದೆ. ನೀಲಿ ಬೆಳಕು ಪಕ್ಕಕ್ಕೆ ಜಾಸ್ತಿ ಚದುರಿ, ಉಳಿದದ್ದು ಮಾತ್ರ ನೇರ ಬಂದದ್ದಕ್ಕೆ ಹೀಗೆ.

ಹಾಲು ಯಾವ ಗುಂಪಿಗೆ ಸೇರುತ್ತದೆ?

ಪರೀಕ್ಷೆಗೆ ಕಲಿಲ, ಅದರಲ್ಲೂ ಎಮಲ್ಷನ್: ಒಂದು ದ್ರವದೊಳಗೆ ಇನ್ನೊಂದು ದ್ರವದ ಹನಿಗಳು. ನಿಜದಲ್ಲಿ ಒಂದು ಲೋಟ ಹಾಲಿನಲ್ಲಿ ಎಲ್ಲವೂ ಇದೆ. ಹಾಲಿನ ಸಕ್ಕರೆ ಪೂರ್ತಿ ಕರಗಿದೆ. ಕೇಸಿನ್ ಎಂಬ ಪ್ರೋಟೀನು ಕಲಿಲದ ಗಾತ್ರದಲ್ಲಿದೆ. ಕೊಬ್ಬಿನ ಹನಿಗಳಲ್ಲಿ ಕೆಲವು ಎಷ್ಟು ದೊಡ್ಡವೆಂದರೆ, ಹಸಿ ಹಾಲನ್ನು ಬಿಟ್ಟರೆ ತಾವಾಗಿ ಮೇಲೆ ಬಂದು ಕೆನೆಯಾಗುತ್ತವೆ. ನೀರಿಗಿಂತ ಹಗುರ ತಾನೆ, ಹಾಗಾಗಿ ಇವು ಇಳಿಯುವ ಬದಲು ಏರುತ್ತವೆ. ಹೋಮೋಜನೈಸ್ ಮಾಡಿದ ಪ್ಯಾಕೆಟ್ ಹಾಲಿನಲ್ಲಿ ಹನಿಗಳನ್ನು ಒಡೆದು ಸಣ್ಣದು ಮಾಡಿರುವುದರಿಂದ ಕೆನೆ ಬೇರೆಯಾಗಿ ಏಳುವುದಿಲ್ಲ. ಮತ್ತೆ ಅದೇ ಸ್ಟೋಕ್ಸ್ ಲೆಕ್ಕ.

ಹಾಲಿಗೆ ನಿಂಬೆಹುಳಿ ಹಿಂಡಿದರೆ ಕೇಸಿನ್ ಕಣಗಳು ಒಂದನ್ನೊಂದು ತಳ್ಳುವ ಶಕ್ತಿ ಕಳೆದುಕೊಂಡು ಗಂಟುಗಂಟಾಗುತ್ತವೆ. ಹಾಲು ಒಡೆಯಿತು ಎನ್ನುತ್ತೇವೆ. ರಸಾಯನಶಾಸ್ತ್ರದ ಮಾತಿನಲ್ಲಿ ಒಡೆದದ್ದು ಕಲಿಲ.

ರಕ್ತ?

ಪುಸ್ತಕಗಳು ಕಲಿಲ ಎನ್ನುತ್ತವೆ. ಪ್ಲಾಸ್ಮಾದ, ಅಂದರೆ ರಕ್ತದ ದ್ರವ ಭಾಗದ, ಪ್ರೋಟೀನುಗಳ ಮಟ್ಟಿಗೆ ಅದು ಸರಿ. ಆದರೆ ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೋಮೀಟರ್, ಅದು ನಿಲಂಬನದ್ದೇ ಗಾತ್ರ. ಲ್ಯಾಬಿನಲ್ಲಿ ಇಎಸ್‌ಆರ್ ಎಂದು ಬರೆಯುತ್ತಾರಲ್ಲ, ಅದು ಈ ಕಣಗಳು ಇಳಿಯುವುದನ್ನೇ ಅಳೆಯುವ ಪರೀಕ್ಷೆ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನೆಟ್ಟಗಿನ ಸಣ್ಣ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಮೇಲೆ ಎಷ್ಟು ಮಿಲಿಮೀಟರ್ ತಿಳಿ ಬಿಟ್ಟಿದೆ ಎಂದು ನೋಡುತ್ತಾರೆ. ಮೈಯಲ್ಲಿ ಉರಿಯೂತವಿದ್ದರೆ ಕಣಗಳು ನಾಣ್ಯ ಜೋಡಿಸಿದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದೊಡ್ಡದಾಗಿ ಬೇಗ ಇಳಿಯುತ್ತವೆ. ಅದಕ್ಕೇ ಆಗ ಸಂಖ್ಯೆ ಜಾಸ್ತಿ ಬರುವುದು.

ಬಗ್ಗಡ ನೀರಿಗೆ ಪಟಿಕದ ಕಲ್ಲು ಆಡಿಸಿದರೆ ತಿಳಿಯಾಗುತ್ತದೆ. ಒಳಗೆ ನಡೆಯುವುದೇನು?

ಜೇಡಿಮಣ್ಣಿನ ಸಣ್ಣ ಕಣಗಳ ಮೇಲೆ ಋಣ ಆವೇಶ ಇರುತ್ತದೆ. ಪಟಿಕ, ಅಂದರೆ ಆಲಂ, ಕರಗಿದಾಗ ಧನ ಆವೇಶದ ಅಲ್ಯೂಮಿನಿಯಂ ಕೊಡುತ್ತದೆ. ಕಣಗಳ ಜಗಳ ನಿಲ್ಲುತ್ತದೆ, ಒಟ್ಟುಗೂಡಿ ಹತ್ತಿಯ ಹಿಂಜಿನಂತಾಗಿ ಇಳಿಯುತ್ತವೆ. ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕಗಳಲ್ಲೂ ಇದೇ ಕೆಲಸ ನಡೆಯುತ್ತದೆ. ನುಗ್ಗೆ ಬೀಜದ ಪುಡಿಯೂ ಹೀಗೇ ಮಾಡುತ್ತದೆ, ಅದರ ಪ್ರೋಟೀನಿಗೆ ಧನ ಆವೇಶವಿದೆ. ಕಣ್ಣಿಗೆ ತಿಳಿಯಾದ ನೀರು ಕುಡಿಯಲು ಯೋಗ್ಯವಾಯಿತು ಎಂದುಕೊಳ್ಳಬೇಡಿ, ಕುದಿಸಲೇಬೇಕು.

ಇಡ್ಲಿ ಹಿಟ್ಟು ನೀರ್ ದೋಸೆ ಹಿಟ್ಟಿನ ಹಾಗೆ ಯಾಕೆ ಬೇರೆಯಾಗುವುದಿಲ್ಲ?

ಉದ್ದಿನ ಲೋಳೆ. ಅದು ಹಿಟ್ಟನ್ನು ಮಂದ ಮಾಡಿ ರವೆಯನ್ನು ಇದ್ದಲ್ಲೇ ಹಿಡಿದಿಡುತ್ತದೆ, ಹುಳಿ ಬಂದಾಗ ಏಳುವ ಗಾಳಿಯ ಗುಳ್ಳೆಗಳನ್ನೂ ಬಿಡುವುದಿಲ್ಲ. ಉದ್ದು ಕಮ್ಮಿಯಾದರೆ ರವೆ ತಳ ಸೇರುತ್ತದೆ, ಇಡ್ಲಿ ಕಲ್ಲಾಗುತ್ತದೆ.

ದ್ರಾವಣ ಯಾವಾಗಲೂ ನೀರಿನಂತೆ ದ್ರವವಾಗಿರಬೇಕೇ?

ಬೇಕಿಲ್ಲ. ಧೂಳಿಲ್ಲದ ಗಾಳಿ ಅನಿಲಗಳ ದ್ರಾವಣ: ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಒಡವೆ ಅಂಗಡಿಯ 916 ಚಿನ್ನ ಘನ ದ್ರಾವಣ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಬಳೆಯ ಯಾವ ತುದಿ ಕೆರೆದು ನೋಡಿದರೂ ಅದೇ ಪ್ರಮಾಣ ಸಿಗುತ್ತದೆ, ಅದಕ್ಕೇ ಸಮರೂಪ ಮಿಶ್ರಣ ಎನ್ನುವುದು.

ಬೆರೆತದ್ದನ್ನು ಬೇರೆ ಮಾಡುವುದು ಹೇಗೆ?

ನಿಲಂಬನವಾದರೆ ಸುಮ್ನೆ ಬಿಟ್ಟು ತಿಳಿ ಬಗ್ಗಿಸಿಕೊಳ್ಳಿ, ಇಲ್ಲವೇ ಸೋಸಿ. ಕಲಿಲಕ್ಕೆ ಜೋರಾಗಿ ತಿರುಗಿಸುವ ಯಂತ್ರ ಬೇಕು, ಇಲ್ಲವೇ ಹುಳಿಯನ್ನೋ ಪಟಿಕವನ್ನೋ ಹಾಕಿ ಒಡೆಯಬೇಕು. ದ್ರಾವಣಕ್ಕೆ ಆವಿ ಮಾಡುವುದೊಂದು ದಾರಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನು ಗದ್ದೆಗಳಿಗೆ ಬಿಟ್ಟು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ, ಎಷ್ಟು ಸೋಸಿದರೂ ಬರುವುದಿಲ್ಲ.

ಯಾವುದು ಏನೆಂದು ಮಕ್ಕಳು ಮನೆಯಲ್ಲೇ ಕಂಡುಕೊಳ್ಳಬಹುದೇ?

ಖಂಡಿತ. ರಾತ್ರಿ ಊಟವಾದ ಮೇಲೆ ನಾಲ್ಕು ಗಾಜಿನ ಲೋಟ ಸಾಲಾಗಿ ಇಡಿಸಿ. ಸಕ್ಕರೆ ನೀರು, ನಾಲ್ಕು ಹನಿ ಹಾಲು ಹಾಕಿದ ನೀರು, ಅರಿಶಿನ ಕದಡಿದ ನೀರು, ನಿಮ್ಮ ಬಾವಿಯ ಅಥವಾ ನಲ್ಲಿಯ ನೀರು. ಮೊದಲು ನಾಲ್ಕಕ್ಕೂ ಟಾರ್ಚ್ ಬಿಟ್ಟು ಕಂಡದ್ದನ್ನು ಬರೆದುಕೊಳ್ಳಲಿ. ಆಮೇಲೆ ಯಾರೂ ಅಲುಗಾಡಿಸದೆ ಹಾಗೇ ಬಿಡಲಿ. ಬೆಳಗ್ಗೆ ಎದ್ದು ಮತ್ತೆ ಟಾರ್ಚ್ ಬಿಡಲಿ. ಅರಿಶಿನದ ಲೋಟದ ತಳದಲ್ಲಿ ಹಳದಿ ಗಸಿ ಕೂತಿರುತ್ತದೆ, ಹಾಲಿನದು ನಿನ್ನೆಯಂತೆಯೇ ಇರುತ್ತದೆ. ನಾಲ್ಕನೆಯ ಲೋಟದ ಉತ್ತರ ನನಗೆ ಗೊತ್ತಿಲ್ಲ, ಅದು ನಿಮ್ಮ ನೀರು. ತಳದಲ್ಲಿ ಏನಾದರೂ ಕೂತಿದ್ದರೆ ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿ, ಗಸಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಲಿ. ಚರಚರ ಅಂದರೆ ಮರಳು, ಜಾರಿದರೆ ಜೇಡಿ.